ಇನ್ನು 88 ಗ್ರಾಂ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ನೀವು "ಎಲ್ಲಿಗೆ ಬಂತು ನಿನ್ನ ಹಾವಿನ ಸಂಸಾರ? ಮೊಟ್ಟೆ ಯಾವಾಗ?" ಅಂತ ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ಮಾತು ಬದಲಾಯಿಸಿಬಿಟ್ಟಳು. ಅದಕ್ಕೇ ಈ ಕಾಗದ. ಇಲಿಯ ವಿಷಯ ಬರುವ ಕಡೆ ಗಟ್ಟಿಯಾಗಿ ಓದಬೇಡಿ.

ಒಂದೇ ಮಾತಿನಲ್ಲಿ ಉತ್ತರ ಬೇಕಾದರೆ, ಈ ವರ್ಷ ಇಲ್ಲ. ಕಳೆದ ಭಾನುವಾರ ನನ್ನ ಬಾಲ್ ಪೈಥಾನ್ ಹಾವು ಚೆಂಡಿಯ ತೂಕ 1,412 ಗ್ರಾಂ. ಬಾಲ್ ಪೈಥಾನ್ ಹೆಣ್ಣಿಗೆ ಗಂಡು ಬಿಡುವ ಮೊದಲು ಸಾಕುವವರು ಸಾಮಾನ್ಯವಾಗಿ ನೋಡುವ ತೂಕ 1,500 ಗ್ರಾಂ. "ಇನ್ನು 88 ಗ್ರಾಂ ತಾನೇ, ಎರಡು ತಿಂಗಳ ಮಾತು" ಅಂತ ನೀವು ಆಗಲೇ ಲೆಕ್ಕ ಹಾಕಿರುತ್ತೀರಿ. ಲೆಕ್ಕ ಸರಿಯಾಗೇ ಇದೆ. ಆದರೂ ಈ ಸಲ ಜೋಡಿ ಮಾಡಿಸುವುದಿಲ್ಲ.

ಅವಳು ಬಂದಾಗ ಮೂರು ತಿಂಗಳ ಮರಿ, 112 ಗ್ರಾಂ. ಡಬ್ಬಿ ತೆರೆದಾಗ ಹಾವೇ ಕಾಣಲಿಲ್ಲ. ಕಂದು, ಕಪ್ಪು ಬಣ್ಣದ ಒಂದು ಉಂಡೆ, ಟೆನಿಸ್ ಚೆಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ತಲೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಹೆದರಿದರೆ ಹೀಗೆ ತಲೆಯನ್ನು ನಡುವೆ ಅಡಗಿಸಿಕೊಂಡು ಸುತ್ತಿ ಕೂರುತ್ತವೆ ಅಂತಲೇ ಬಾಲ್ ಪೈಥಾನ್ ಎಂಬ ಹೆಸರು. ನಾನೂ ಚೆಂಡಿನಿಂದ ಚೆಂಡಿ ಅಂತ ಕರೆದೆ. ಚಂಡಿ ಹಿಡಿಯುವುದೂ ಅವಳಿಗೆ ಚೆನ್ನಾಗಿ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ. ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಅಲ್ಲಿ ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಇದ್ದು ರಾತ್ರಿ ಹೊರಬೀಳುತ್ತವೆ. ನಮ್ಮ ಹೆಬ್ಬಾವಿನ ಜಾತಿಯೇ, ಆದರೆ ಹೆಣ್ಣು ಬೆಳೆದರೂ ನಾಲ್ಕೈದು ಅಡಿ. ವಿಷವಿಲ್ಲ. ಇದನ್ನು ಅಮ್ಮನಿಗೆ ಮತ್ತೊಮ್ಮೆ ಹೇಳಿ.

ನಿಮ್ಮ ಹಾಗೆ ನಾನೂ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ತಾರೀಖು, ತೂಕ, ಕೊಟ್ಟದ್ದೇನು, ತಿಂದಳೋ ಇಲ್ಲವೋ, ಪೊರೆ ಬಿಟ್ಟ ದಿನ, ಹೀಗೆ ಐದು ಕಾಲಂ. ಪ್ರತಿ ಭಾನುವಾರ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು, ಸೊನ್ನೆಗೆ ತಂದು, ಅವಳನ್ನು ಅದರೊಳಗೆ ಬಿಡುತ್ತೇನೆ. ಒಂದೊಂದು ವಾರ ಸುಮ್ಮನೆ ಕೂರುತ್ತಾಳೆ, ಒಂದೊಂದು ವಾರ ಅಂಕಿ ನಿಲ್ಲುವುದಕ್ಕೇ ಬಿಡುವುದಿಲ್ಲ.

ಮರಿಗಳಿಗೆ ಐದರಿಂದ ಏಳು ದಿನಕ್ಕೊಮ್ಮೆ ಅವುಗಳ ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ತೂಗುವ ಇಲಿಮರಿ ಕೊಡಬೇಕು. 112 ಗ್ರಾಂ ಹಾವಿಗೆ ಹನ್ನೆರಡು ಹದಿಮೂರು ಗ್ರಾಂ ಸಾಕು. ಬೆಳೆದಂತೆ ಈ ಪ್ರಮಾಣ ಇಳಿಸುತ್ತಾ, ದಿನಗಳ ಅಂತರ ಹೆಚ್ಚಿಸುತ್ತಾ ಹೋಗಬೇಕು. ಸತ್ತ ಇಲಿಗಳು ಫ್ರೀಜರಿನಲ್ಲಿರುತ್ತವೆ. ಹಿಂದಿನ ರಾತ್ರಿ ತೆಗೆದು ಕರಗಿಸಿ, ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿ, ಜೀವ ಇರುವ ಇಲಿಯಷ್ಟು ಬೆಚ್ಚಗೆ ಮಾಡಬೇಕು. ತಣ್ಣಗಿದ್ದರೆ ಅವಳ ಪಾಲಿಗೆ ಅದು ಇಲಿಯೇ ಅಲ್ಲ. ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಪುಟ್ಟ ಗುಳಿಗಳಿವೆ, ಅವುಗಳಿಂದ ಬಿಸಿಯನ್ನು ಗ್ರಹಿಸುತ್ತಾಳೆ. ಇಕ್ಕಳದಲ್ಲಿ ಹಿಡಿದು ಮುಂದೆ ತಂದರೆ ಮೊದಲು ನಾಲಿಗೆ ನಿಧಾನವಾಗಿ ಆಡುತ್ತದೆ, ಆಮೇಲೆ ನಿಲ್ಲುತ್ತದೆ. ಕತ್ತು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ನಾನು ಉಸಿರು ಬಿಡುವುದಿಲ್ಲ. ಯಾವಾಗ ಹಾರಿದಳು ಅಂತ ಇವತ್ತಿನವರೆಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ನೋಡುವಷ್ಟರಲ್ಲಿ ಮೂರು ಸುತ್ತು ಸುತ್ತಿಯಾಗಿರುತ್ತದೆ. ಸತ್ತ ಇಲಿಯನ್ನೇ ಮತ್ತೆ ಐದು ನಿಮಿಷ ಬಿಗಿಹಿಡಿದು ಕೊಲ್ಲುತ್ತಾಳೆ. ನುಂಗಿಯಾದ ಮೇಲೆ ಎರಡು ಸಲ ದೊಡ್ಡದಾಗಿ ಆಕಳಿಸಿ ದವಡೆ ಸರಿ ಮಾಡಿಕೊಳ್ಳುತ್ತಾಳೆ.

ಏಳನೇ ತಿಂಗಳಲ್ಲಿ ನನಗೆ ಆತುರ ಹತ್ತಿತು. ಹದಿನೆಂಟು ತಿಂಗಳಿಗೇ 1,500 ದಾಟಿಸಿದವರ ಮಾತು ಕಿವಿಗೆ ಬಿದ್ದಿತ್ತು. ನಾಲ್ಕು ದಿನಕ್ಕೊಂದು ಇಲಿ, ಅದೂ ಒಂದು ಅಳತೆ ದೊಡ್ಡದು. ಮೂರು ವಾರ ತೂಕ ಏರಿದ್ದು ನೋಡಿ ಹಿಗ್ಗಿದೆ. ನಾಲ್ಕನೇ ವಾರ ಒಬ್ಬ ಗೆಳತಿ ಮನೆಗೆ ಬಂದಳು. ಚೆಂಡಿ ತಿಂದು ಒಂದು ದಿನವೂ ಆಗಿರಲಿಲ್ಲ, ತೋರಿಸುವ ಹುಮ್ಮಸ್ಸಿನಲ್ಲಿ ಎತ್ತಿಬಿಟ್ಟೆ. ತಿಂದ ಮೇಲೆ ಎರಡು ದಿನವಾದರೂ ಮುಟ್ಟಬಾರದು ಅಂತ ಗೊತ್ತಿದ್ದೂ ಮಾಡಿದ ಕೆಲಸ. ಬೆಳಗ್ಗೆ ಎದ್ದರೆ ಕೋಣೆಯಲ್ಲಿ ನಿಲ್ಲಲಾಗದ ವಾಸನೆ. ಅರ್ಧ ಜೀರ್ಣವಾದ ಇಲಿ ಹೊರಗೆ ಬಿದ್ದಿತ್ತು, ಅವಳು ಟಬ್ಬಿನ ಇನ್ನೊಂದು ಮೂಲೆಯಲ್ಲಿ ಮುದುಡಿಕೊಂಡಿದ್ದಳು. ಹೀಗಾದರೆ ಹೊಟ್ಟೆಯ ಆಮ್ಲವೂ ಹೊರಗೆ ಹೋಗಿರುತ್ತದೆ, ತಕ್ಷಣ ಮತ್ತೆ ತಿನ್ನಿಸಿದರೆ ಮತ್ತೆ ಕಕ್ಕುತ್ತವೆ. ಎರಡು ವಾರ ನೀರು ಮಾತ್ರ, ಆಮೇಲೆ ಮಾಮೂಲಿನ ಅರ್ಧದಷ್ಟು ಇಲಿ. ಮೂರು ವಾರದಲ್ಲಿ ಗಳಿಸಿದ್ದೆಲ್ಲ ಹೋಯಿತು. ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ "ನನ್ನ ತಪ್ಪು" ಅಂತ ಬರೆದಿದ್ದೇನೆ.

ಬಿಸಿಯ ವಿಷಯದಲ್ಲೂ ಒಮ್ಮೆ ಬುದ್ಧಿ ಕಲಿತೆ. ಟಬ್ಬಿನ ಒಂದು ಕಡೆ ಸುಮಾರು 32 ಡಿಗ್ರಿ, ಇನ್ನೊಂದು ಕಡೆ 26 ಇರಬೇಕು, ಬೇಕಾದ ಕಡೆ ಅವಳೇ ಹೋಗಿ ಕೂರುತ್ತಾಳೆ. ಕೆಳಗೆ ಹೀಟ್ ಮ್ಯಾಟ್ ಎಂಬ ಬಿಸಿಯಾಗುವ ಹಾಸು, ಬಿಸಿ ಹದ ಮೀರದಂತೆ ನೋಡಿಕೊಳ್ಳಲು ಅದಕ್ಕೊಂದು ಥರ್ಮೋಸ್ಟಾಟ್. ಅದರ ಸೆನ್ಸರನ್ನು ಒಂದು ರಾತ್ರಿ ತಳ್ಳಿ ತಣ್ಣನೆಯ ಕಡೆಗೆ ಹಾಕಿದ್ದಳು. ಅದು "ಇನ್ನೂ ತಣ್ಣಗಿದೆ" ಅಂದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಇತ್ತು. ಇನ್ನೊಂದು ಥರ್ಮಾಮೀಟರ್ ಇಟ್ಟಿದ್ದರಿಂದ ನನಗೆ ತಿಳಿಯಿತು. ಕೆಳಗಿನ ಶಾಖಕ್ಕೆ ಹೊಟ್ಟೆ ಸುಡುತ್ತಿದ್ದರೂ ಹಾವು ಎದ್ದು ಪಕ್ಕಕ್ಕೆ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಈಗ ಸೆನ್ಸರನ್ನು ಅವಳ ಮೂತಿಗೆ ಸಿಗದಂತೆ ಟಬ್ಬಿನ ಹೊರಗೆ, ಮ್ಯಾಟಿಗೇ ಬಿಗಿದಿದ್ದೇನೆ. ತೇವಾಂಶ ನೂರಕ್ಕೆ ಅರವತ್ತರ ಆಸುಪಾಸು. ಕಣ್ಣು ಹಾಲು ಬಣ್ಣಕ್ಕೆ ತಿರುಗಿ ಪೊರೆ ಬಿಡುವ ಸೂಚನೆ ಕಂಡರೆ ಇನ್ನಷ್ಟು ಏರಿಸುತ್ತೇನೆ. ಒಳ್ಳೆಯ ವಾರವಾದರೆ ಪೊರೆ ತಲೆಯಿಂದ ಬಾಲದವರೆಗೆ ಕಾಲುಚೀಲ ಬಿಚ್ಚಿದ ಹಾಗೆ ಒಂದೇ ತುಂಡಾಗಿ ಬರುತ್ತದೆ, ಕಣ್ಣಿನ ಎರಡು ಪುಟ್ಟ ಮುಚ್ಚಳಗಳ ಸಮೇತ. ಅಂದ ಹಾಗೆ, ಹಾಲು ಕುಡಿಯುವುದಿಲ್ಲ ಅಪ್ಪ. ಹಾವಿಗೆ ಹಾಲೆರೆದ ಹಾಗೆ ಅಂತ ಗಾದೆ ಮಾಡಿದವರು ಹಾವನ್ನು ಕೇಳಿರಲಿಲ್ಲ ಅನ್ನಿಸುತ್ತದೆ.

ವಯಸ್ಸು ಒಂದು ವರ್ಷ ಆದಾಗ ತೂಕ 480 ಗ್ರಾಂ, ಒಂದೂವರೆ ವರ್ಷಕ್ಕೆ 905. ಅಲ್ಲಿಗೆ ನಿಂತಿತು. ಹೆಣ್ಣುಗಳು ಎಂಟುನೂರರಿಂದ ಸಾವಿರ ಗ್ರಾಂ ಆಗುವ ಹೊತ್ತಿಗೆ ಕೆಲವು ಸಲ ತಿನ್ನುವುದನ್ನೇ ಬಿಡುತ್ತವೆ ಅಂತ ಅನುಭವಸ್ಥರು ಎಚ್ಚರಿಸಿದ್ದರು. ನನ್ನ ಚೆಂಡಿ ಚಂಡಿ ಹಿಡಿದದ್ದು ಆಗಲೇ, ಪೂರ್ತಿ ನಾಲ್ಕು ತಿಂಗಳು. ಇಲಿ ಮೂಗಿಗೆ ತಾಕಿಸಿದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಪುಸ್ತಕದ ಆ ಎರಡು ಪುಟ ನೋಡಬೇಕು ನೀವು, "ಇಲ್ಲ, ಇಲ್ಲ, ಇಲ್ಲ" ಅಂತ ಸಾಲು ಸಾಲು. ಚಿಕ್ಕವಳಿದ್ದಾಗ ನಾನು ತುತ್ತಿಗೆ ಬಾಯಿ ಮುಚ್ಚಿಕೊಂಡರೆ ಅಮ್ಮ ಎಷ್ಟು ಒದ್ದಾಡುತ್ತಿದ್ದಳು ಅಂತ ಆಗ ಅರ್ಥವಾಯಿತು. ಬಲವಂತವಾಗಿ ಬಾಯಿಗೆ ತುರುಕುವ ಯೋಚನೆಯೂ ಒಂದು ರಾತ್ರಿ ಬಂದಿತ್ತು, ಆದರೆ ತಕ್ಕಡಿ ಕಾಪಾಡಿತು. ನಾಲ್ಕು ತಿಂಗಳಿಗೆ ಇಳಿದದ್ದು 54 ಗ್ರಾಂ, ನೂರಕ್ಕೆ ಆರು. ಮೈ ಗಟ್ಟಿಯಾಗಿದೆ, ಉಸಿರಿನಲ್ಲಿ ಶಬ್ದವಿಲ್ಲ, ಬಾಯಲ್ಲಿ ಲೋಳೆ ಇಲ್ಲ ಅಂದಮೇಲೆ ಕಾಯಬಹುದು ಅಂತ ಡಾಕ್ಟರು ಹೇಳಿದರು. ವಾರ ವಾರ ಕೊಟ್ಟು ಕಾಡುವುದು ನಿಲ್ಲಿಸಿ ಎರಡು ವಾರಕ್ಕೊಮ್ಮೆ ಮಾಡಿದೆ. ಒಂದು ರಾತ್ರಿ, ಏನೂ ನಡೆದೇ ಇಲ್ಲ ಎಂಬಂತೆ ಹಾರಿ ಹಿಡಿದಳು. ಹತ್ತು ತಿಂಗಳಲ್ಲಿ 851ರಿಂದ 1,412ಕ್ಕೆ ಬಂದಿದ್ದಾಳೆ.

ಇನ್ನು ನಿಮ್ಮ 88 ಗ್ರಾಂ ಲೆಕ್ಕ. ಒಂದು ಹೆಣ್ಣು ಸಾಮಾನ್ಯವಾಗಿ ಆರರ ಆಸುಪಾಸು ಮೊಟ್ಟೆ ಇಡುತ್ತದೆ, ಮೂರರಿಂದ ಹನ್ನೊಂದರವರೆಗೂ ಉಂಟು. ಒಂದೊಂದು ಮೊಟ್ಟೆ ಎಂಬತ್ತು ತೊಂಬತ್ತು ಗ್ರಾಂ ತೂಗಬಹುದು. ಆರಕ್ಕೆ ಐನೂರು ಹಿಡಿಯಿರಿ. 1,500 ಗ್ರಾಂ ಮೈಯಿಂದ ಒಂದೇ ದಿನ ಮೂರನೇ ಒಂದು ಪಾಲು ಹೊರಗೆ! ಅದಕ್ಕೂ ಮೊದಲು ಮೊಟ್ಟೆ ಬಲಿಯುವ ತಿಂಗಳುಗಳಲ್ಲಿ ಅನೇಕ ಹೆಣ್ಣುಗಳು ತಿನ್ನುವುದಿಲ್ಲ. ಇಟ್ಟ ಮೇಲೆ ಅವಳ ಹತ್ತಿರವೇ ಬಿಟ್ಟರೆ ಎರಡು ತಿಂಗಳು ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕೂರುತ್ತಾಳೆ, ಆಗಲೂ ಉಪವಾಸ. ಬಂಡವಾಳ ಇಲ್ಲದೆ ಸಾಲ ಕೊಟ್ಟ ಹಾಗಾಗುತ್ತದೆ. ಗಂಡಿನದ್ದಾದರೆ ಸುಲಭ, ಆರುನೂರು ಏಳುನೂರು ಗ್ರಾಂ ಆದರೆ ಸಾಕು, ಒಂದು ವರ್ಷದವನೂ ತಯಾರು. ಕಷ್ಟವೆಲ್ಲ ಯಾರ ಪಾಲಿಗೆ ಅಂತ ಇದನ್ನು ಅಮ್ಮನಿಗೆ ಓದಿ ಹೇಳಿದರೆ ಹಾವಿನ ಪಕ್ಷ ವಹಿಸಿದರೂ ವಹಿಸಿಯಾಳು.

1,500 ಎಂಬ ಅಂಕಿಯನ್ನೂ ನಾನು ಮೊದಲಿನಷ್ಟು ನಂಬುವುದಿಲ್ಲ. ಕೊಬ್ಬಿಸಿ ಆ ತೂಕಕ್ಕೆ ತಂದ ಹಾವೂ ತಕ್ಕಡಿಯಲ್ಲಿ ಅಷ್ಟೇ ತೋರಿಸುತ್ತದೆ. ಮೈ ಬಾಗಿದಾಗ ಚರ್ಮ ಮಡಿಕೆ ಮಡಿಕೆಯಾಗಿ ಬಿದ್ದರೆ, ಬಾಲದ ಬುಡ ಊದಿಕೊಂಡಿದ್ದರೆ ಅದು ಕೊಬ್ಬು. ಒಳಗೂ ಕೊಬ್ಬು ತುಂಬಿ ಮೊಟ್ಟೆ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ. ಚೆಂಡಿಯ ಬೆನ್ನ ಮೇಲೆ ಬೆರಳಾಡಿಸಿದರೆ ಮೂಳೆ ಚುಚ್ಚುವುದಿಲ್ಲ, ಎರಡೂ ಬದಿ ಗಟ್ಟಿ ಮಾಂಸ, ಮೇಲೆ ಮಟ್ಟಸವಾದ ದಿಂಡು. ಇದು ನನಗೆ ಬೇಕಾದದ್ದು. ಆದರೆ ವಯಸ್ಸು ಎರಡು ವರ್ಷ ಎಂಟು ತಿಂಗಳು. ಸ್ವಲ್ಪ ತಂಪಾಗುವ ಈ ತಿಂಗಳುಗಳೇ ಗಂಡು ಬಿಡುವ ಕಾಲ, ಮುಂದಿನ ಸಲಕ್ಕೆ ಅವಳಿಗೆ ಮೂರೂ ಮುಕ್ಕಾಲು ವರ್ಷ ಆಗುತ್ತಾ ಬಂದಿರುತ್ತದೆ, ತೂಕ 1,700 ಆಗಿದ್ದರೂ ಆಶ್ಚರ್ಯವಿಲ್ಲ. ಗೆಳತಿ ತನ್ನ ಗಂಡು ಹಾವನ್ನು ಈಗಲೇ ಕಳಿಸುತ್ತೇನೆ ಅಂತಾಳೆ. ಬೇಡ ಅಂದಿದ್ದೇನೆ. ಅವನ ಬಣ್ಣ ನೋಡಿದರೆ ಕಣ್ಣು ತೆಗೆಯಲಾಗದು, ಆದರೆ ಅವನು ಸ್ಪೈಡರ್ ಎಂಬ ತಳಿ. ಆ ತಳಿಯಲ್ಲಿ ತಲೆ ಅಲ್ಲಾಡುವ, ದಿಕ್ಕು ತಪ್ಪುವ ತೊಂದರೆ ಬಣ್ಣದ ಜೊತೆಗೇ ಬರುತ್ತದೆ. ಮರಿಗಳಿಗೆ ಅದನ್ನು ನಾನಾಗಿ ಕೊಡಲಾರೆ. ಗೆಳತಿಗೆ ಸ್ವಲ್ಪ ಬೇಜಾರಾಗಿದೆ.

ಕಾಲ ಮೀರುತ್ತದೆ ಎಂಬ ಚಿಂತೆ ನಿಮಗಿದ್ದರೆ ಕೇಳಿ. ಫಿಲಡೆಲ್ಫಿಯಾ ಮೃಗಾಲಯದಲ್ಲಿ ಈ ಜಾತಿಯ ಹಾವೊಂದು 47 ವರ್ಷ ಬದುಕಿತ್ತು. ಸೇಂಟ್ ಲೂಯಿಸ್ ಮೃಗಾಲಯದ ಒಂದು ಅಜ್ಜಿ ಹಾವು 2020ರಲ್ಲಿ, ಅರವತ್ತು ದಾಟಿದ ಅಂದಾಜು ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು. ಹದಿನೈದು ವರ್ಷದಿಂದ ಗಂಡಿನ ಮುಖವನ್ನೇ ನೋಡಿರಲಿಲ್ಲವಂತೆ.

ಅಮ್ಮ ಕೇಳಿದ್ದು ಎರಡೇ ಪ್ರಶ್ನೆ. ಬರುವಾಗ ಅದನ್ನು ತರುತ್ತೀಯಾ ಅಂತ. ಇಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಜೀವಿ ಅದು, ಕಾಗದಪತ್ರವಿಲ್ಲದೆ ಗಡಿ ದಾಟಿಸುವ ಹಾಗೇ ಇಲ್ಲ. ನಾನು ಬಂದಾಗ ಗೆಳತಿ ನೋಡಿಕೊಳ್ಳುತ್ತಾಳೆ, ಬೇಜಾರಿದ್ದರೂ. ಇನ್ನೊಂದು, ರಾತ್ರಿ ಅದು ಹೊರಗೆ ಬಂದರೆ ಏನು ಮಾಡುತ್ತೀಯ ಅಂತ. ಟಬ್ಬಿಗೆ ಎರಡೂ ಕಡೆ ಚಿಲಕ ಇದೆ, ಮಲಗುವ ಮುಂಚೆ ಎರಡನ್ನೂ ಎಳೆದು ನೋಡುತ್ತೇನೆ ಅಂತ ಹೇಳಿ. ಒಂದು ಸಲ ಮರೆತಿದ್ದೆ, ಬೆಳಗ್ಗೆ ಪುಸ್ತಕದ ಕಪಾಟಿನ ಹಿಂದೆ ಸಿಕ್ಕಳು. ಅದನ್ನು ಹೇಳಬೇಡಿ.

ನಿಮ್ಮ ಮಗಳು