ಮೊದಲ ಮಳೆಗೆ ಮುಂಚೆ

ಪುಟ್ಟಿ,

ಸೋಮವಾರದಿಂದ ಕಬ್ಬನ್ ಪಾರ್ಕಿನಲ್ಲಿ ಮರ ನೋಡಿಕೊಳ್ಳುವ ಕೆಲಸ ಅಂದೆ ನೀನು. "ತೋಟ ಬಿಟ್ಟು ಅಲ್ಲಿ ಎಲೆ ಗುಡಿಸೋಕೆ ಹೋಗ್ತೀಯಾ" ಅಂದದ್ದು ನನ್ನದೇ ತಪ್ಪು. ಮಿಕ್ಕಿದ್ದು ಇಬ್ಬರಿಗೂ ನೆನಪಿದೆ, ಬಿಡು.

ಹೆದರಿಕೆ ಒಂದೇ, ಮಳೆಮರದ್ದು. ಕೊಡೆ ಅಗಲ, ಬೇರು ಮೇಲ್ಮೇಲೆ. ಪಾರ್ಕಿನಲ್ಲಿ ಬಂಡೆ ಎದ್ದ ಕಡೆ ಮಣ್ಣೂ ತೆಳು. ಏಪ್ರಿಲ್, ಮೇ ತಿಂಗಳ ಸಂಜೆಮಳೆಗೆ ಎಲೆ ನೆನೆದು ಭಾರವಾಗಿರುವಾಗಲೇ ಗಾಳಿ ಬೀಸುತ್ತದೆ, ಮರ ಬುಡಸಮೇತ ಉರುಳಬಹುದು. ಮೋಡ ಕವಿದರೆ ಅದರ ಎಲೆ ಮಡಚಿಕೊಳ್ಳುತ್ತದೆ. ಅದನ್ನು ಕಂಡ ಕೂಡಲೇ ಬಯಲಿಗೆ ನಡೆ.

1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಶುರುಮಾಡಿದಾಗ ಪಾರ್ಕು ನೂರು ಎಕರೆ. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಚಾಮರಾಜೇಂದ್ರ ಪಾರ್ಕ್ ಎಂದಾಯಿತು, ಅದು ಕಾಗದದಲ್ಲೇ ಉಳಿಯಿತು. ಮರಗಳೂ ಹೊರಗಿನವೇ ಬಹಳ: ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಅಮೆರಿಕ ಖಂಡದ್ದು, ನಾವು ಮೆಣಸು ಹಬ್ಬಿಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಅದನ್ನು ಕಂಡರೆ ಊರು ನೆನೆದೀಯ.

ಮರದ ಬುಡ ನೋಡು, ಕೊಂಬೆ ಆಮೇಲೆ. ಬುಡದಲ್ಲಿ ತಟ್ಟೆಯ ಹಾಗೆ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ ಅಂತ ತಿಳಿ. ಮರದ ಸುತ್ತಿಗೆಯಿಂದ ಬಡಿ, ಡೊಳ್ಳು ದನಿ ಬಂದರೆ ಪೊಳ್ಳು. ಬುಡಕ್ಕೆ ಕಾಂಕ್ರೀಟ್ ಸುರಿದರೆ ನೀರು, ಗಾಳಿ ಇಲ್ಲದೆ ಬೇರು ಸಾಯುತ್ತದೆ. ಕೇಬಲ್ ಗುಂಡಿ ತೋಡುವವರು ಬೇರು ಕಡಿದು ಹೋಗಿರುತ್ತಾರೆ. ಮೇಲೆ ವರ್ಷಗಟ್ಟಲೆ ಹಸಿರು, ಅದನ್ನು ನಂಬಬೇಡ.

ಕೊಂಬೆಯನ್ನು ತೋಟದಲ್ಲಿ ನೆರಳುಮರ ಸವರುವ ನಮ್ಮ ಮರಗಸಿಯವರ ಹಾಗೆ ಕತ್ತಿಯಲ್ಲಿ ಹಾರಿಸಬೇಡಿ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿಸು. ಅದಕ್ಕೂ ಎರಡು ಮೂರು ಇಂಚು ಹೊರಗೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳದೆ ಬೀಳುತ್ತದೆ. ಕೊನೆಗೆ ಮೋಟನ್ನು ಕೊಂಬೆಬುಡದ ಉಬ್ಬಿನ ಹೊರಗೇ ತೆಗೆಯಬೇಕು. ಉಬ್ಬು ಕೊಯ್ದರೆ ಗಾಯ ಮಾಯುವುದು ಕಷ್ಟ, ಮೋಟು ಉದ್ದ ಬಿಟ್ಟರೆ ಕೊಳೆ ಒಳಗಿಳಿಯುತ್ತದೆ. ಟಾರು ಬಳಿಯುವುದು ಬೇಡ, ಅದರಿಂದ ಕೊಳೆ ನಿಲ್ಲುವುದಿಲ್ಲ. ಒಂದೇ ವರ್ಷ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಸಬೇಡ, ಚಿಗುರು ಕುಂಟುತ್ತದೆ.

ಪಾಠ ಶುರುಮಾಡಿಬಿಟ್ಟೆ. ಓದಿದವಳು ನೀನು, ನನಗಿಂತ ಚೆನ್ನಾಗಿ ಗೊತ್ತು. ಸಂತೆಯಲ್ಲಿ ಸಿಕ್ಕವರಿಗೆಲ್ಲ ನಿನ್ನ ಕೆಲಸದ ಸುದ್ದಿ ಹೇಳಿ ಆಗಿದೆ, ನಿನಗೊಬ್ಬಳಿಗೆ ಹೇಳಲಿಲ್ಲ. ಆದರೂ ಕೇಳು, ಗಾಳಿಗೆ ಬಿದ್ದ ಮರ ಕೊಯ್ಯುವಾಗ ಬಾಗಿದ ಕೊಂಬೆಯ ಎದುರು ನಿಲ್ಲಬೇಡ. ಕೊಯ್ದ ಕೂಡಲೇ ಬಿಲ್ಲಿನ ಹಾಗೆ ಚಿಮ್ಮುತ್ತದೆ. ಹೆಲ್ಮೆಟ್ ಕೊಡದಿದ್ದರೆ ಕೇಳಿ ಪಡೆ.

ಗಾಳಿಮಳೆ ಬಂದ ದಿನ ಏಳು ಗಂಟೆಯೊಳಗೆ ಫೋನ್ ಮಾಡು. ಸಿಟ್ಟಿದ್ದರೆ ಅಮ್ಮನ ನಂಬರಿಗೇ ಮಾಡು.

ಅಪ್ಪ
ಸಕಲೇಶಪುರ