ಮೇಣದ ಪ್ರತಿಮೆಗಳ ನಡುವೆ ನಮ್ಮ ಗಾಯಕರು

ಮಾನ್ಯ ಸಂಪಾದಕರೆ,

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಮೇರಿ ಟುಸ್ಸಾಡ್ 1835ರಲ್ಲಿ ಬೇಕರ್ ಸ್ಟ್ರೀಟಿನಲ್ಲಿ ನೆಲೆಗೊಳಿಸಿದ, 1884ರಲ್ಲಿ ಮೇರಿಲಬೋನ್ ರಸ್ತೆಗೆ ಸ್ಥಳಾಂತರಗೊಂಡ ಮೇಣದ ಪ್ರತಿಮೆಗಳ ಸಂಗ್ರಹಾಲಯವನ್ನು ನೋಡಿದೆ. ತಲೆಗೂದಲನ್ನು ಒಂದೊಂದೇ ಎಳೆಯಾಗಿ ನೆಡುವ ಆ ಕುಸುರಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಸೆಲ್ಫಿಗಾಗಿ ನೂಕಾಡುವ ನಮ್ಮಂಥವರಿಗಿಂತ ಪ್ರತಿಮೆಗಳೇ ಹೆಚ್ಚು ಸಮಾಧಾನದಿಂದ ನಿಂತಿದ್ದವು.

ರೋಣದಲ್ಲಿ ಜನಿಸಿದ ಭೀಮಸೇನ ಜೋಶಿ, ಧಾರವಾಡದ ಮಲ್ಲಿಕಾರ್ಜುನ ಮನಸೂರ, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲ ಅವರ ಪ್ರತಿಮೆಗಳನ್ನು ತಂಬೂರಿಯೊಡನೆ ಹೀಗೆಯೇ ಕೂರಿಸಿ, ಅವರ ಧ್ವನಿಮುದ್ರಿಕೆಗಳನ್ನು ಕೇಳಿಸುವ ಸಂಗ್ರಹಾಲಯವೊಂದನ್ನು ಪ್ರವಾಸೋದ್ಯಮ ಇಲಾಖೆಯು ಅವಳಿ ನಗರದಲ್ಲಿ ನಿರ್ಮಿಸಬೇಕು. ನಮ್ಮ ಬಿಸಿಲಿಗೆ ಮೇಣ ಒಗ್ಗದು ಎನ್ನುವುದಾದರೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನೇ ಆಳೆತ್ತರದ ಶಿಲ್ಪಗಳಾಗಿ ರೂಪಿಸಿ ನಿಲ್ಲಿಸಿದ ಕೈಗಳು ನಮ್ಮ ನೆರೆಯಲ್ಲೇ ಇವೆ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ