ಮಗಳಿಗೊಂದು ಪತ್ರ: ಫೋನು ಆಫೀಸ್ ರೂಮಿನಲ್ಲೇ ಇರಲಿ ಕಣವ್ವಾ

ಪ್ರೀತಿಯ ಪುಟ್ಟಿ,

ನಿಮ್ಮ ಸ್ಕೂಲಿನವರು ಕಳಿಸಿದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ. ಇದರ ಜೊತೆಗೇ ಇದೆ, ಸೋಮವಾರ ಕ್ಲಾಸ್ ಟೀಚರಿಗೆ ಕೊಟ್ಟುಬಿಡು. ಬೆಳಿಗ್ಗೆ ಆಫೀಸ್ ರೂಮಿನಲ್ಲಿ ಫೋನು ಕೊಡಬೇಕು, ಸಂಜೆ ವಾಪಸ್ ಈಸ್ಕೋಬೇಕು, ಅಷ್ಟೇ ತಾನೇ? ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗ ನೀನು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. "ಮೊಬೈಲ್ ಅಂಗಡಿ ಇಟ್ಕೊಂಡು ಮಗಳ ಮೊಬೈಲಿಗೆ ಅಡ್ಡ ಬರ್ತಾನಲ್ಲ ಅಪ್ಪ" ಅಂತ ಮೈಸೂರಿನಲ್ಲಿ ನೀನಿರುವ ಮನೆಯ ಅತ್ತೆ ಹತ್ತಿರ ಹೇಳಿದ್ದೂ ಇಲ್ಲಿ ಮಂಡ್ಯದವರೆಗೆ ಬಂದು ಮುಟ್ಟಿದೆ. ಅಂಗಡಿ ಇಟ್ಟಿರುವುದಕ್ಕೇ ಅಡ್ಡ ಬರುತ್ತಿರುವುದು ಕಣವ್ವಾ.

"ಅಂಕಲ್, ಬ್ಯಾಟರಿ ನಿಲ್ತಾ ಇಲ್ಲ" ಅಂತ ಹೈಸ್ಕೂಲ್ ಹುಡುಗರು ಬರುತ್ತಾರೆ. ಬಿಚ್ಚುವ ಮುಂಚೆ ನಾನು ಸೆಟ್ಟಿಂಗ್ಸಿಗೆ ಹೋಗಿ ಚಾರ್ಜು ಯಾವ ಹೊತ್ತಿನಲ್ಲಿ ಎಷ್ಟು ಇಳಿದಿದೆ ಅಂತ ನೋಡುತ್ತೇನೆ. ರಾತ್ರಿ ಹೊತ್ತು ಇಳಿದಿದ್ದರೆ ಸರಿ, ಮನೆಯವರ ಪಾಡು. ಎಷ್ಟೋ ಫೋನುಗಳಲ್ಲಿ ಬೆಳಿಗ್ಗೆ ಹತ್ತೂವರೆಗೆ ಇಳಿಯೋಕೆ ಶುರುವಾದ ಗೆರೆ ಊಟದ ಬೆಲ್ ಹೊಡೆಯುವಷ್ಟರಲ್ಲಿ ಅರ್ಧಕ್ಕೆ ಬಂದಿರುತ್ತದೆ. ಅದು ಗಣಿತದ ಪೀರಿಯಡ್ಡೋ ಸಮಾಜದ್ದೋ ಅವರಿಗೇ ಗೊತ್ತು. ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಅಂಥವರಿಗೆ ಹೊಸದು ಹಾಕಿ ದುಡ್ಡು ಈಸ್ಕೊಳ್ಳೋಕೆ ಮನಸ್ಸು ಬರಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಮನೆ ಮೇಲೆ ಮಹಡಿ ಎದ್ದಿರುತ್ತಿತ್ತು ಅಂತ ನಿಮ್ಮಮ್ಮ ಆಗಾಗ ಹೇಳುತ್ತಾಳೆ.

"ಸೈಲೆಂಟ್ ಮಾಡಿ ಬ್ಯಾಗಲ್ಲಿ ಇಟ್ಟಿರ್ತೀನಿ, ಅದರಿಂದ ಯಾರಿಗೇನು?" ಅಂತ ಕೇಳಿದೆಯಲ್ಲ. ರಿಪೇರಿ ಮುಗಿದ ಫೋನನ್ನು ಕೌಂಟರಿನ ಗಾಜಿನ ಮೇಲೆ ಇಟ್ಟು ಆನ್ ಮಾಡುತ್ತೇನೆ. ನೆಟ್ ಸಿಕ್ಕಿತೋ ಇಲ್ಲವೋ, ಶುರು. ಬೆಲ್ ಇಲ್ಲ, ಬರೀ ವೈಬ್ರೇಟು. ಗುರ್ ಗುರ್ ಅಂತ ಅದುರುತ್ತಾ ಇಷ್ಟಿಷ್ಟೇ ಜರುಗಿ ಗಾಜಿನ ಅಂಚಿಗೆ ಬಂದುಬಿಡುತ್ತದೆ. ನಾನು ಹಿಂದಕ್ಕೆ ತಳ್ಳುತ್ತೇನೆ, ಮತ್ತೆ ಬರುತ್ತದೆ. ಫೋನು ನನ್ನದಲ್ಲ, ಮೆಸೇಜು ನನಗೆ ಬಂದಿದ್ದಲ್ಲ. ಆದರೂ ಸ್ಕ್ರೂ ತಿರುಗಿಸುತ್ತಿರುವ ನನ್ನ ಕಣ್ಣು ಅತ್ತ ಹೋಗೇ ಹೋಗುತ್ತದೆ. ಇನ್ನು ನಿನ್ನದೇ ಫೋನು, ನಿನ್ನ ಫ್ರೆಂಡ್ಸೇ ಕಳಿಸಿದ್ದು ಅಂದರೆ?

2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುಮಾರು 800 ಜನರನ್ನು ಕೂರಿಸಿ ಇದನ್ನೇ ಪರೀಕ್ಷೆ ಮಾಡಿದರು. ಕೆಲವರ ಫೋನು ಮೇಜಿನ ಮೇಲೆ, ಕೆಲವರದು ಜೇಬು ಅಥವಾ ಬ್ಯಾಗಿನಲ್ಲಿ, ಉಳಿದವರದು ಬೇರೆ ಕೋಣೆಯಲ್ಲಿ. ಎಲ್ಲವೂ ಸೈಲೆಂಟು. ಬೇರೆ ಕೋಣೆಯಲ್ಲಿಟ್ಟು ಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಗಮನದ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಸಲವೂ ಹಾಗೇ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನೇ ಹುಡುಕಿ ತೆಗೆದು ನನ್ನ ಮೇಲೆ ಬೀಳುತ್ತೀಯ. ಆದರೆ ಒಮ್ಮೆ ಗಮನ ತಪ್ಪಿದರೆ ಪಾಠಕ್ಕೆ ಪೂರ್ತಿ ಮರಳೋಕೆ 20 ನಿಮಿಷದವರೆಗೂ ಬೇಕಾಗಬಹುದು ಅಂತ ಯುನೆಸ್ಕೋದ 2023ರ ಶಿಕ್ಷಣ ವರದಿಯಲ್ಲಿದೆ. ನಿಮ್ಮ ಪೀರಿಯಡ್ಡು ಇರುವುದೇ 40 ನಿಮಿಷ, ಅಲ್ವಾ?

"ನೋಡಿದರೆ ನಾನು ತಾನೇ ಕೆಡೋದು" ಅನ್ನುವಂತೆಯೂ ಇಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ (PISA) ಪರೀಕ್ಷೆಯಲ್ಲಿ, 2022ರಲ್ಲಿ, ಗಣಿತದ ತರಗತಿಯಲ್ಲಿ ಅಕ್ಕಪಕ್ಕದವರ ಫೋನು, ಟ್ಯಾಬಿನಿಂದ ಗಮನ ಹೋಗುತ್ತದೆ ಅಂದ ಮಕ್ಕಳು ಉಳಿದವರಿಗಿಂತ ಸರಾಸರಿ 15 ಅಂಕ ಹಿಂದಿದ್ದರು. ಅದು ಬಿಡು, ನಿಮ್ಮ ಕ್ಲಾಸಿನದೇ ತಗೋ. ಆಕಳಿಸುತ್ತಿದ್ದ ಹುಡುಗಿಯ ಫೋಟೋ ತೆಗೆದು, ಸ್ಟಿಕ್ಕರ್ ಮಾಡಿ, ಗ್ರೂಪಿಗೆ ಹಾಕಿದರಲ್ಲ. ಆಮೇಲೆ ಅವಳು ಸ್ಕೂಲಿಗೇ ಬರಲಿಲ್ಲ ಅಂತ ನೀನೇ ಬೇಜಾರು ಮಾಡಿಕೊಂಡು ಹೇಳಿದ್ದೆ. ತೆಗೆದವನ ಫೋನೂ ಸೈಲೆಂಟಿನಲ್ಲೇ ಇತ್ತು.

ಇನ್ನು ಕೋರ್ಟಿನ ವಿಷಯ. "ಸ್ಕೂಲಲ್ಲಿ ಫೋನ್ ಬ್ಯಾನ್ ಮಾಡೋ ಹಾಗಿಲ್ಲ" ಅಂತ ನೀನು ಕಳಿಸಿದ ಸುದ್ದಿಯನ್ನು ಕೊನೇವರೆಗೂ ಓದಿದೆ. ನೀನು ಹೆಡ್ಡಿಂಗ್ ಮಾತ್ರ ಓದಿದ್ದೀಯ ಅನಿಸುತ್ತದೆ. 2025ರಲ್ಲಿ ದೆಹಲಿ ಹೈಕೋರ್ಟ್ ಪೂರ್ತಿ ನಿಷೇಧ ಸರಿಯಲ್ಲ ಅಂದಿದ್ದು ನಿಜ. ಅದೇ ತೀರ್ಪಿನಲ್ಲಿ, ಸಾಧ್ಯವಿರುವ ಕಡೆ ಮಕ್ಕಳು ಬಂದ ತಕ್ಷಣ ಫೋನು ಒಪ್ಪಿಸಿ ಮನೆಗೆ ಹೋಗುವಾಗ ತಗೋಬೇಕು, ಕ್ಲಾಸಿನಲ್ಲಿ ಬಳಸುವ ಹಾಗಿಲ್ಲ, ಶಾಲೆಯಲ್ಲಿ ಫೋಟೋ, ರೆಕಾರ್ಡಿಂಗ್ ಕೂಡದು ಅಂತಲೂ ಇದೆ. ನಿಮ್ಮ ಸ್ಕೂಲಿನವರು ಕೇಳುತ್ತಿರುವುದೂ ಅದನ್ನೇ.

ನಿನ್ನ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ. ಹೋಂವರ್ಕನ್ನು ವಾಟ್ಸ್‌ಆಪ್ ಗ್ರೂಪಿಗೆ ಹಾಕುತ್ತಾರೆ, ಕೆಲವು ಟೀಚರುಗಳು ಕ್ಲಾಸಿನಲ್ಲೇ ಫೋನು ನೋಡುತ್ತಾ ನಿಂತಿರುತ್ತಾರೆ, ನಮಗೆ ಮಾತ್ರ ರೂಲ್ಸಾ ಅಂತ ಕೇಳಿದೆ. ಇದು ಪೋಷಕರ ಸಭೆಯಲ್ಲಿ ನಾನೇ ಎತ್ತುತ್ತೇನೆ. ಹೋಂವರ್ಕ್ ಬೋರ್ಡಿನ ಮೇಲೆ ಬರೆಯಲಿ, ಮಕ್ಕಳು ಡೈರಿಗೆ ಇಳಿಸಿಕೊಳ್ಳಲಿ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠ ನೋಡುವುದಿದ್ದರೆ ಸ್ಮಾರ್ಟ್ ಕ್ಲಾಸಿನಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿಸಲಿ. ಟೀಚರುಗಳೂ ಪೀರಿಯಡ್ಡಿಗೆ ಬರುವಾಗ ಫೋನನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟು ಬರಲಿ. ಇದನ್ನು ಹೇಳೋಕೆ ನನಗೇನೂ ಭಯವಿಲ್ಲ. ಮಕ್ಕಳಿಗೊಂದು ನ್ಯಾಯ, ದೊಡ್ಡವರಿಗೊಂದು ನ್ಯಾಯ ಅಂದರೆ ಯಾವ ರೂಲ್ಸೂ ನಿಲ್ಲಲ್ಲ.

ಮತ್ತೆ, ಸ್ಕೂಲಿನಲ್ಲಿ ಕಿತ್ತುಕೊಂಡರೆ ಎಲ್ಲಾ ಸರಿಹೋಗುತ್ತದೆ ಅಂತಲೂ ನಾನು ನಂಬಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2025ರಲ್ಲಿ 30 ಶಾಲೆಗಳನ್ನು ಹೋಲಿಸಿ ನೋಡಿದರು. ಫೋನಿಗೆ ಕಡಿವಾಣ ಇದ್ದ ಶಾಲೆಯ ಮಕ್ಕಳೂ ಇಡೀ ದಿನದ ಲೆಕ್ಕದಲ್ಲಿ ಉಳಿದವರಿಗಿಂತ ಕಡಿಮೆಯೇನೂ ನೋಡುತ್ತಿರಲಿಲ್ಲ. ಹಾಗಾಗಿ ಅತ್ತೆಗೆ ಹೇಳಿದ್ದೇನೆ: ರಾತ್ರಿ ಊಟ ಆದ ಮೇಲೆ ನಿನ್ನದು, ಅತ್ತೆಯದು, ಮಾವನದು ಮೂರೂ ಫೋನು ಹಾಲಿನಲ್ಲೇ ಚಾರ್ಜಿಗೆ. ಮಾವ ಸ್ವಲ್ಪ ಗೊಣಗಿದರು. ಗೊಣಗಲಿ ಬಿಡು.

ಸರಸ್ವತಿಪುರಂ ಟ್ಯೂಷನ್ ಮುಗಿಸಿ ಕುವೆಂಪುನಗರಕ್ಕೆ ಬರುವಾಗ ಕತ್ತಲಾಗುತ್ತದೆ, ಫೋನು ಬೇಡವೇ ಅಂತ ನಿಮ್ಮಮ್ಮ ಕೇಳಿದಳು. ಬೇಕು. ಅದಕ್ಕೇ ಮಾವನ ಕೈಲಿ ಒಂದು ಕೀಪ್ಯಾಡ್ ಸೆಟ್ ಕಳಿಸಿದ್ದೇನೆ. ಸಿಮ್ ಹಾಕಿದೆ, ಎಲ್ಲರ ನಂಬರೂ ಸೇವ್ ಮಾಡಿದ್ದೇನೆ, 1 ಒತ್ತಿ ಹಿಡಿದರೆ ಬೇರೆಲ್ಲೋ ಹೋಗುತ್ತದೆ, 2 ಒತ್ತಿ ಹಿಡಿ, ನನಗೆ ಬರುತ್ತದೆ. ಬೆಳಿಗ್ಗೆ ಅದನ್ನೂ ಆಫೀಸಿನಲ್ಲಿ ಕೊಡಬೇಕು. ದೊಡ್ಡ ಫೋನು ಮನೆಯಲ್ಲೇ ಇರಲಿ. ಬಸ್ಸಿನಲ್ಲಿ ಫ್ರೀ ಟಿಕೆಟಿಗೆ ಆಧಾರ್ ಫೋನಿನಲ್ಲಿದೆ ಅನ್ನಬೇಡ, ಅಸಲು ಕಾರ್ಡನ್ನೇ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೋ.

ಶನಿವಾರ ಮಂಡ್ಯಕ್ಕೆ ಬರುವುದಿದ್ದರೆ ಯಾವ ಟ್ರೈನ್ ಅಂತ ಮೊದಲೇ ಹೇಳು, ಸ್ಟೇಷನ್ ಹತ್ತಿರ ಬಂದಿರುತ್ತೇನೆ. ಸಿಟ್ಟಿದ್ದರೆ ಅಲ್ಲೇ ಬೈಯುವಿಯಂತೆ.

ನಿನ್ನ
ಅಪ್ಪ